ಮಡಿಲಲ್ಲಿ ಬೀಗ

ಒಂಬತ್ತನೆಯ ಕಂತು

"ಇದು ಶೇಖರನದ್ದಲ್ಲ," ಎಂದೆ.

ಎಸ್‌ಐ ಜ್ಯೋತ್ಸ್ನಾ ಮೇಡಂ ಪ್ಲಾಸ್ಟಿಕ್ ಚೀಲದಿಂದ ತೆಗೆದ ಮರದ ತುಂಡನ್ನು ನನ್ನ ಮೇಜಿನ ಮೇಲೆ ಇಟ್ಟು, ಕುರ್ಚಿ ಎಳೆದು ಕೂತರು. ಪಾಣೆಮಂಗಳೂರಿನ ಸೇತುವೆಯ ಹತ್ತಿರ ಮೂವತ್ತೆರಡು ವರ್ಷದಿಂದ ಬೀಗ ರಿಪೇರಿ ಮಾಡಿಕೊಂಡಿರುವವನು ನಾನು. ಪೊಲೀಸರು ಈ ಮೇಜಿನ ಮೇಲೆ ಎಷ್ಟೋ ಬೀಗ ತಂದಿಟ್ಟಿದ್ದಾರೆ. ಹೆಣದ ಜೊತೆ ಸಂಬಂಧ ಇರುವ ವಸ್ತು ಬಂದದ್ದು ಇದೇ ಮೊದಲು.

ಮಂಗಳವಾರ ಸಂಜೆ ಶಿರ್ತಾಡಿಯ ಆಚೆ ಕೆಂಪುಕಲ್ಲಿನ ಹಳೆಯ ಕೋರೆಯ ನೀರಿನಲ್ಲಿ ತಲೆ ಒಡೆದ ಸ್ಥಿತಿಯಲ್ಲಿ ದೀಪಶ್ರೀ ಎಂಬ ಹೆಂಗಸಿನ ಹೆಣ ಸಿಕ್ಕಿತ್ತು. ಅವಳ ಕೋಣೆಯ ಬೀಗದಲ್ಲಿ ಕಡ್ಡಿ ಆಡಿಸಿದ ಗೀರುಗಳಿವೆಯೆಂದು, ಆ ಬೀಗ ಕೂರಿಸಿದ್ದ ನನ್ನ ಶಿಷ್ಯ ಶೇಖರನನ್ನು ಗುರುವಾರ ಹಿಡಿದು ಹಾಕಿದ್ದರು.

ಇವತ್ತು ಶುಕ್ರವಾರ. ಸಂಜೆ ಐದಕ್ಕೆ ಅವನನ್ನು ಕೋರ್ಟಿಗೆ ಒಯ್ಯುತ್ತಾರೆ. ಕೊಲೆ ಆರೋಪಿ ಎಂಬ ಹೆಸರು ಒಮ್ಮೆ ಅಂಟಿದರೆ ಬೀಗದ ಕೆಲಸದವನನ್ನು ಯಾರು ಮನೆಗೆ ಕರೆಯುತ್ತಾರೆ? ಗಡಿಯಾರದಲ್ಲಿ ಹತ್ತು ಗಂಟೆ ಆಗಿತ್ತು.

"ಶಿಷ್ಯ ಅಂತ ಪ್ರೀತಿ ಇರ್ತದೆ ಸಮದಾಕ," ಎಂದರು ಮೇಡಂ. ಊರಿನವರು ನನ್ನನ್ನು ಕರೆಯುವುದು ಹಾಗೆ. "ಆದರೆ ಬೀಗ ತೆರೆಯುವ ಅಭ್ಯಾಸಕ್ಕೆ ಮಾಡಿದ ವಸ್ತು ಇದು. ಅದೇ ಮನೆಯ ಬಚ್ಚಲಿನ ಕಟ್ಟಿಗೆ ರಾಶಿಯಲ್ಲಿ ಸಿಕ್ಕಿತು. ಆ ಮನೆಗೆ ಬಂದವರಲ್ಲಿ ಈ ವಿದ್ಯೆ ಗೊತ್ತಿರುವವನು ಅವನೊಬ್ಬನೇ."

ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಬಾಯಿ ಮುಚ್ಚಿ ಕೈಗೆ ಕೆಲಸ ಕೊಡುತ್ತೇನೆ. ಕನ್ನಡಕ ಏರಿಸಿಕೊಂಡು ತುಂಡನ್ನು ನೋಡಿದೆ.

ಹಳೆಯ ತುರಿಮಣೆಯೊಂದನ್ನು ಅರ್ಧಕ್ಕೆ ಕೊಯ್ದಿದ್ದರು. ಕಾಯಿ ತುರಿಯುವ ಅಲಗು ಕೂರುವ ತೂತನ್ನು ಕಾಸಿದ ಕಬ್ಬಿಣದಿಂದ ಸುಟ್ಟು ದೊಡ್ಡದು ಮಾಡಿದ್ದರು. ಆ ತೂತಿನಲ್ಲಿ ಬಾಗಿಲ ಬೀಗದ ಹಿತ್ತಾಳೆಯ ಹೊಟ್ಟೆಯನ್ನು, ಅಂದರೆ ಬೀಗದ ಕೈ ಹೋಗುವ ಭಾಗವನ್ನು, ಇಳಿಸಿ ಅಲುಗಾಡದಂತೆ ಗುಲಾಬಿ ನೂಲು ಸುತ್ತಿದ್ದರು. ಒಟ್ಟು ಒಂದು ಗೇಣು ಉದ್ದ. ಚೀಲಕ್ಕೆ ಹಾಕಿಕೊಂಡು ಎಲ್ಲಿಗೂ ಒಯ್ಯಬಹುದು, ಸೆರಗಿನಡಿ ಅಡಗಿಸಬಹುದು.

ನೂಲು ಬಿಚ್ಚಲೇ ಎಂದು ಕೇಳಿದೆ. ಸಾಕ್ಷಿಯ ವಸ್ತು, ಬಿಚ್ಚಬಾರದು ಎಂದರು.

"ಹಾಗಾದರೆ ಹದಿನೈದು ನಿಮಿಷ ಕೂತಿರಿ ಮೇಡಂ."

ಮೂಲೆಯಿಂದ ಹಲಸಿನ ಹಲಗೆಯ ತುಂಡು ತೆಗೆದೆ. ಡ್ರಿಲ್ಲಿನಿಂದ ನಡುವೆ ತೂತು ಕೊರೆದು, ಅರದಿಂದ ಅಂಚು ಸವರಿ, ಅಂಥದೇ ಒಂದು ಬೀಗದ ಹೊಟ್ಟೆಯನ್ನು ಕೂರಿಸಿ ಹಿಂದಿನಿಂದ ಎರಡು ಸ್ಕ್ರೂ ಬಿಗಿದೆ. ಹಲಗೆಯ ಕೆಳಗೆ ಒಂದು ಕ್ಲಾಂಪ್ ಜೋಡಿಸಿ ಮೇಜಿನ ಅಂಚಿಗೆ ಕಚ್ಚಿಸಿದೆ. ಹಲಗೆ ನೆಟ್ಟಗೆ ನಿಂತಿತು. ಬೀಗ ನನ್ನನ್ನೇ ನೋಡುತ್ತಿತ್ತು.

"ನಮ್ಮ ಕೆಲಸದವರು ಮಾಡಿದರೆ ಹೀಗೆ. ಬಾಗಿಲಲ್ಲಿ ಬೀಗ ಹೇಗೆ ಉಂಟೋ ಹಾಗೆಯೇ ಅಭ್ಯಾಸದಲ್ಲೂ ನಿಂತಿರಬೇಕು. ಶೇಖರ ಏಳು ವರ್ಷ ಕಲಿತದ್ದು ಹೀಗೆ, ನಿಂತುಕೊಂಡು. ನಿಮ್ಮದನ್ನು ಪಕ್ಕದಲ್ಲಿ ಇಡಿ."

ಇಟ್ಟರು. ಆ ತುಂಡು ಅಂಗಾತ ಮಲಗಿತು. ಬೀಗದ ಬಾಯಿ ಮೇಲಿನ ಮಾಡನ್ನು ನೋಡುತ್ತಿತ್ತು.

"ಯಾವ ಬಾಗಿಲಲ್ಲಿ ಬೀಗ ಮೇಲೆ ನೋಡ್ತದೆ ಮೇಡಂ? ನೆಲದಲ್ಲಿ ಕೂತು, ಮಡಿಲಿಗೆ ಬಗ್ಗಿ ಕೆಲಸ ಮಾಡುವವರು ತಮಗೆ ಬೇಕಾದ ಹಾಗೆ ಮಾಡಿಕೊಂಡದ್ದು ಇದು. ಆ ನೂಲು ಯಾವುದು ಅಂತ ನೋಡಿ. ಮೂಸಿಯೂ ನೋಡಿ."

ಮೇಡಂ ಬಗ್ಗಿ ಮೂಸಿದರು. ಬೀಡಿ ನೂಲಿನ ತಂಬಾಕಿನ ವಾಸನೆ ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಈ ಕಡೆ ಬೀಡಿ ಕಟ್ಟದ ಮನೆ ಎಷ್ಟು ಉಂಟು? ನನ್ನ ಹೆಂಡತಿ ಮೂವತ್ತು ವರ್ಷ ಕಟ್ಟಿದ್ದಾಳೆ. ತನ್ನ ಅಮ್ಮ ಬೀಡಿ ಕಟ್ಟಿಯೇ ಓದಿಸಿದ್ದು ಎಂದು ಮೇಡಂ ಒಮ್ಮೆ ಹೇಳಿದ್ದು ನನಗೆ ನೆನಪಿತ್ತು.

ಅವರು ನೆಟ್ಟಗೆ ಕೂತರು.

"ಅವಳ ಕೋಣೆಯಲ್ಲಿ ತಡ್ಪೆ ಇತ್ತು," ಎಂದರು. ತಡ್ಪೆ ಎಂದರೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವ ಮೊರ. "ಸತ್ತವಳೇ ಬೀಡಿ ಕಟ್ಟುತ್ತಿದ್ದಳು ಸಮದಾಕ."

"ಹಾಗಾದರೆ ಆ ಬಾಗಿಲನ್ನು ನನಗೆ ತೋರಿಸಿ."

ಜೀಪು ಬಂಟ್ವಾಳ ದಾಟುವಾಗ ಮಗಳ ಫೋನು ಬಂತು. ರಾಫಿಯಾ ಪುತ್ತಿಗೆಗೆ ಮದುವೆಯಾಗಿ ಹೋದವಳು. ಮಂಗಳವಾರ ಸಂಜೆ ಹೇಳದೆ ಕೇಳದೆ ನಮ್ಮ ಮನೆಗೆ ಬಂದು ಜ್ವರವೆಂದು ಮಲಗಿದ್ದಳು. ಶೇಖರಣ್ಣನನ್ನು ಬಿಡುತ್ತಾರೆಯೇ ಎಂದು ಬೆಳಗಿನಿಂದ ಇದು ಮೂರನೇ ಸಲ ಕೇಳುತ್ತಿದ್ದಾಳೆ. ಇಬ್ಬರೂ ನನ್ನ ಒಂದೇ ಮೇಜಿನಲ್ಲಿ ಬೀಗ ಬಿಚ್ಚಿ ಕಲಿತವರು. ಸತ್ಯ ಹೇಳಬೇಕೆಂದರೆ ಮಗಳೇ ಬೇಗ ಕಲಿತಳು. ಹೆಣ್ಣುಮಕ್ಕಳು ಅಂಗಡಿಯಲ್ಲಿ ಕೂರುವುದು ಬೇಡವೆಂದು ಅವಳ ಅಮ್ಮ ಹಟ ಹಿಡಿಯದಿದ್ದರೆ ಇವತ್ತು ಅಂಗಡಿ ಅವಳದ್ದಾಗುತ್ತಿತ್ತು. ಬಿಡಿಸಿಕೊಂಡೇ ಬರುತ್ತೇನೆ, ಗಂಜಿ ಕುಡಿದು ಮಲಗು ಎಂದೆ.

ಮೂಡುಬಿದಿರೆ ದಾಟುವಾಗ ಜುಮಾ ನಮಾಜಿಗೆ ಕರೆಯುವ ಬಾಂಗು ಕೇಳಿತು. ಆ ವಾರದ ಜುಮಾ ನನಗೆ ತಪ್ಪಿತು.

ಮನೆ ಕೋರೆಯಿಂದ ಕೂಗಳತೆಯ ದೂರದಲ್ಲಿತ್ತು. ದೀಪಶ್ರೀಯ ಗಂಡ ದಯಾನಂದ ಮಸ್ಕತ್ತಿನಲ್ಲಿ; ರಜೆ ಸಿಕ್ಕಿ ಹೊರಡಲು ಇನ್ನೂ ಎರಡು ದಿನವಂತೆ. ಅವನ ತಾಯಿ ವಿನೋದಕ್ಕ ಜಗಲಿಯ ಕಂಬಕ್ಕೆ ಕೈ ಕೊಟ್ಟು ನಿಂತಿದ್ದರು. ಅರುವತ್ತರ ಗಟ್ಟಿ ಹೆಂಗಸು. ಪೊಲೀಸರು ಎಷ್ಟು ಸಲ ಬಂದು ತುಳಿಯುತ್ತೀರಿ ಎಂದು ಗೊಣಗಿದರು. ಸೊಸೆ ಸತ್ತು ಮೂರು ದಿನವಾದ ಮನೆಯಲ್ಲಿ ಅಳು ಎಲ್ಲಿಯೂ ಕಾಣಲಿಲ್ಲ. ಅದು ನನಗೆ ಸರಿ ಕಾಣಲಿಲ್ಲ, ಈಗಲೂ ಸರಿ ಕಾಣುವುದಿಲ್ಲ.

ದೀಪಶ್ರೀಯ ಕೋಣೆ ಜಗಲಿಯ ಕೊನೆಯಲ್ಲಿ. ಮೊದಲು ರಬ್ಬರ್ ಶೀಟು ಇಡುತ್ತಿದ್ದ ಜಾಗ. ಶೀಟು ಹೊತ್ತು ತರಲು ಅನುಕೂಲವಾಗಲೆಂದು ಬಾಗಿಲು ಹೊರಕ್ಕೆ ತೆರೆಯುತ್ತಿತ್ತು. ಅದನ್ನು ಪೂರ್ತಿ ಹಿಂದಕ್ಕೆ ಮಡಚಿ, ಜಗಲಿಯ ಗೋಡೆಗೆ ತಾಗಿಸಿ, ಕೊಕ್ಕೆ ಸಿಕ್ಕಿಸಿದ್ದರು. ನಮ್ಮ ಎದುರಿಗೆ ಹಿತ್ತಾಳೆಯ ಬೀಗದ ತೂತು. ಸುತ್ತ ಸಣ್ಣ ಸಣ್ಣ ಗೀರುಗಳು.

"ಜಗಲಿಯಲ್ಲಿ ನಿಂತು ಕಡ್ಡಿ ಹಾಕಿ ತೆರೆದಿದ್ದಾನೆ," ಎಂದರು ಮೇಡಂ. "ಫೋಟೋದಲ್ಲಿ ಸ್ಪಷ್ಟ ಉಂಟು."

"ಬಾಗಿಲು ಹಾಕಿ ನೋಡಿದ್ದೀರಾ?"

ಇಲ್ಲವೆಂದು ಅವರ ಮುಖವೇ ಹೇಳಿತು. ಬೆರಳಚ್ಚು ತೆಗೆದದ್ದೂ ಫೋಟೋ ಹೊಡೆದದ್ದೂ ಬಾಗಿಲು ಇದ್ದ ಹಾಗೆಯೇ.

ಕೊಕ್ಕೆ ಬಿಡಿಸಿ ಬಾಗಿಲನ್ನು ಎಳೆದೆ. ಅದು ಅರ್ಧ ಸುತ್ತು ತಿರುಗಿ ಬಂದು ಚೌಕಟ್ಟಿಗೆ ಕೂತಿತು. ಬೀಗದ ತೂತು ಕಾಣೆಯಾಯಿತು. ಅದು ಕೋಣೆಯ ಒಳಗಾಗಿತ್ತು. ಇಷ್ಟು ದಿನ ಗೋಡೆಗೆ ಮುಖ ಮಾಡಿದ್ದ ಬದಿ ಈಗ ನಮ್ಮ ಎದುರಿಗೆ ಬಂತು. ಅಲ್ಲಿ ಇದ್ದದ್ದು ಕೈಯಲ್ಲಿ ತಿರುಗಿಸುವ ಒಂದು ಹಿಡಿ ಮಾತ್ರ.

ಮೇಡಂ ಬಾಗಿಲು ತೆರೆದು ತಾವೇ ಒಳಗೆ ಹೋದರು. "ಹಾಕಿ," ಎಂದರು.

ಹಾಕಿ ಹಿಡಿ ತಿರುಗಿಸಿದೆ. ಟಕ್ ಎಂದಿತು. ಒಳಗಿನಿಂದ ಅವರು ಬಾಗಿಲು ತಳ್ಳಿದ್ದು ಕೇಳಿತು. ಇನ್ನೊಮ್ಮೆ ತಳ್ಳಿದರು. ಆಮೇಲೆ ಸದ್ದಿಲ್ಲ. ವಿನೋದಕ್ಕ ಕಂಬದಿಂದ ಕೈ ತೆಗೆದಿದ್ದರು.

"ಸಾಕು, ತೆರೆಯಿರಿ," ಎಂಬ ಧ್ವನಿ ಬಂದೊಡನೆ ಹಿಡಿಯನ್ನು ಹಿಂದಕ್ಕೆ ತಿರುಗಿಸಿದೆ. ಹೊರಗೆ ಬಂದ ಮೇಡಂ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಅವರು ಒಳಗಿದ್ದದ್ದು ಅರ್ಧ ನಿಮಿಷ. ಆ ಬೀಗ ಕೂರಿಸಿ ಹತ್ತು ತಿಂಗಳಾಗಿತ್ತು.

ಹತ್ತು ತಿಂಗಳ ಹಿಂದಿನ ಆ ಸಂಜೆ ನನಗೆ ನೆನಪಾಯಿತು. ಶೇಖರ ಕೆಲಸ ಮುಗಿಸಿ ಬಂದು ಚೀಲ ಇಡುತ್ತ, ಶಿರ್ತಾಡಿಯ ಕಡೆ ಒಂದು ಮನೆಯಲ್ಲಿ ಬೀಗ ಹಾಕಿಸಿಕೊಂಡ ರೀತಿ ಸ್ವಲ್ಪ ಹೇಗೋ ಉಂಟು ಎಂದು ಶುರು ಮಾಡಿದ್ದ. ನಾನು ಮಾತು ಮುಗಿಸಲು ಬಿಡಲಿಲ್ಲ. ಬೀಗ ಹಾಕುವವನು ಮನೆಯ ಸಂಗತಿ ಅಂಗಡಿಗೆ ತರಬಾರದು, ಹೇಳಿದಲ್ಲಿ ಕೂರಿಸು, ಎದ್ದು ಬಾ ಎಂದು ಗದರಿಸಿದ್ದೆ. ನನ್ನ ಉಸ್ತಾದರು ನನಗೆ ಹೇಳಿಕೊಟ್ಟದ್ದು ಅದು. ಗಿರಾಕಿಯ ಗುಟ್ಟು ಕಾಯುವುದೇ ನಮ್ಮ ಮರ್ಯಾದೆ ಎಂದು ಮೂವತ್ತೆರಡು ವರ್ಷ ನಂಬಿದ್ದೆ. ಅವತ್ತು ಒಂದು ಮಾತು ಕೇಳಿದ್ದರೆ ದೀಪಶ್ರೀ ಇವತ್ತು ಬದುಕಿರುತ್ತಿದ್ದಳೋ ಏನೋ. ನಾಚಿಕೆಯಾಯಿತು.

"ಪೊಲೀಸರು ಬರುವ ಮೊದಲು ಬಾಗಿಲನ್ನು ಗೋಡೆಗೆ ಮಡಚಿ ಕೊಕ್ಕೆ ಹಾಕಿದ್ದು ಯಾರು ವಿನೋದಕ್ಕ?" ಎಂದೆ.

"ಗಾಳಿಗೆ ಬಡೀತದೆ ಅಂತ ಹಾಕಿದೆ."

"ಸೊಸೆಯನ್ನು ಕೂಡಿ ಹಾಕಿದ್ದು ಯಾವ ಗಾಳಿಗೆ?"

ಮೇಡಂ ನನ್ನನ್ನು ಸುಮ್ಮನಿರಿಸಿದರು. ತಾವು ಕೇಳತೊಡಗಿದರು, ಮೆಲ್ಲಗೆ, ಒಂದೊಂದೇ. ವಿನೋದಕ್ಕ ಮೊದಲು ಇಲ್ಲವೆಂದರು. ಆಮೇಲೆ ಅವಳ ತಲೆ ಸರಿ ಇರಲಿಲ್ಲವೆಂದರು. ಕೊನೆಗೆ ನಿಜ ಬಂತು. ದೀಪಶ್ರೀ ಎರಡು ಸಲ ಬೆಳ್ತಂಗಡಿಯ ತವರಿಗೆ ಓಡಿಹೋಗಿದ್ದಳು. ಗಂಡನ ಜೊತೆ ಬಾಳುವುದಿಲ್ಲ, ಬಿಡುಗಡೆ ಕೊಡಿಸಿ ಎಂದಿದ್ದಳು. ಎರಡು ಸಲವೂ ತವರಿನವರೇ ಕರೆತಂದು ಬಿಟ್ಟರು. ಆಮೇಲೆ ದಯಾನಂದ ಮಸ್ಕತ್ತಿನಿಂದ ಫೋನಿನಲ್ಲಿ, ತಾನು ಬರುವವರೆಗೆ ಅವಳನ್ನು ಹೊರಗೆ ಬಿಡಬೇಡಿ ಎಂದ. ಅಡಿಗೆಗೆ, ಸ್ನಾನಕ್ಕೆ ಅತ್ತೆಯ ಕಣ್ಣೆದುರಿಗೆ ಹೊರಗೆ. ಉಳಿದ ಹೊತ್ತು ಕೋಣೆ, ತಡ್ಪೆ, ಬೀಡಿ.

"ಅನ್ನ ಹಾಕ್ತಿದ್ದೆ," ಎಂದರು ವಿನೋದಕ್ಕ. "ಹೊಡೆದವಳಲ್ಲ ನಾನು. ಮಗನ ಮರ್ಯಾದೆ ಉಳಿಯಬೇಕಿತ್ತು."

ಅದನ್ನು ಹೇಳುವಾಗ ಅವರ ಕಣ್ಣು ತುಂಬಿತು. ತಾನು ತಪ್ಪು ಮಾಡಿದ್ದೇನೆಂದು ಆ ಹೆಂಗಸಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನನಗೆ ಅವರ ಮೇಲಿನ ಸಿಟ್ಟಿಗಿಂತ ಹೆದರಿಕೆ ಜಾಸ್ತಿಯಾಯಿತು.

ನಾನು ಒಳಗೆ ಹೋದೆ. ಸರಳು ಹಾಕಿದ ಪುಟ್ಟ ಕಿಟಕಿ, ಒಂದು ಚಾಪೆ, ಮೂಲೆಯಲ್ಲಿ ತಡ್ಪೆ. ಬೀಡಿಯ ತಡ್ಪೆಯನ್ನು ಪೊಲೀಸರು ಯಾಕೆ ನೋಡುತ್ತಾರೆ? ನೆಲದಲ್ಲಿ ಚಕ್ಕಳಮಕ್ಕಳ ಕೂತು, ಮೇಡಂ ತಂದಿದ್ದ ಮರದ ತುಂಡನ್ನು ಮಡಿಲಲ್ಲಿಟ್ಟು, ತಡ್ಪೆಯನ್ನು ಅದರ ಮೇಲೆ ಇಟ್ಟೆ. ತಡ್ಪೆಯ ಅಡಿಯಲ್ಲಿ ಬೆತ್ತ ಸವೆದು ಒಂದು ಹಳ್ಳ ಬಿದ್ದಿತ್ತು. ತುಂಡಿನ ಮೂಲೆ ಅದರಲ್ಲಿ ಸರಿಯಾಗಿ ಕೂತಿತು. ಅತ್ತೆ ಬಾಗಿಲು ತೆರೆದರೆ ಕಾಣುವುದು ಬೀಡಿ ಕಟ್ಟುವ ಸೊಸೆ. ಬಾಗಿಲು ಹಾಕಿದ ಮೇಲೆ ತಡ್ಪೆ ಪಕ್ಕಕ್ಕೆ, ಮಡಿಲಲ್ಲಿ ಬೀಗ. ಮಡಿಲಲ್ಲಿ ಕಲಿತದ್ದನ್ನು ನಿಂತ ಬಾಗಿಲಿನಲ್ಲಿ ಮಾಡಲು ಹೋಗಿ ಎಷ್ಟು ಸಲ ಕಡ್ಡಿ ಜಾರಿದೆಯೋ, ತೂತಿನ ಸುತ್ತ ಅಷ್ಟು ಗೀರುಗಳು.

ತಡ್ಪೆಯಲ್ಲಿ ಕತ್ತರಿಸಿದ ಎಲೆಗಳ ಒಂದು ಕಟ್ಟು ಉಳಿದಿತ್ತು. ಎಲೆ ಒಣಗಿದ್ದರೂ ಕಟ್ಟು ಭಾರವಾಗಿತ್ತು. ಬಿಚ್ಚಿದರೆ ಒಳಗೆ ಕರಿಮಣಿ ಸರ.

ಹೆಣದ ಕುತ್ತಿಗೆಯಲ್ಲಿ ಕಾಣದ್ದಕ್ಕೆ, ಕಳ್ಳ ಕಿತ್ತುಕೊಂಡು ಹೋದ ಎಂದು ಪೊಲೀಸರು ಬರೆದಿದ್ದ ಕರಿಮಣಿ ಅದು. ಕೊಂಡಿ ತುಂಡಾಗಿರಲಿಲ್ಲ. ತಾನೇ ಬಿಚ್ಚಿ, ಎಲೆಯಲ್ಲಿ ಸುತ್ತಿ, ನೂಲು ಕಟ್ಟಿ ಇಟ್ಟು ಹೋಗಿದ್ದಳು.

ಮೇಡಂ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಕಳ್ಳನೇ ಇಲ್ಲ ಎಂದು ಅವರಿಗೂ ಖಚಿತವಾಯಿತು. ಈಗ ಶೇಖರನನ್ನು ಬಿಡಬಹುದಲ್ಲ ಎಂದೆ.

"ಅಷ್ಟು ಸುಲಭ ಇಲ್ಲ ಸಮದಾಕ. ಬೀಡಿ ಕಟ್ಟುವ ಹೆಂಗಸು ಈ ವಿದ್ಯೆ ತನ್ನಷ್ಟಕ್ಕೆ ಕಲಿಯುವುದಿಲ್ಲ. ಬೀಗದ ಹೊಟ್ಟೆ ತಂದು ಕೊಟ್ಟವರು ಉಂಟು, ಕಡ್ಡಿ ಹಿಡಿಯಲು ಕಲಿಸಿದವರು ಉಂಟು. ಅವತ್ತು ಅವಳು ಹೊರಗೆ ಬರ್ತಾಳೆ ಅಂತ ಗೊತ್ತಿದ್ದದ್ದು ಅವರಿಗೆ ಮಾತ್ರ. ಈ ಸುತ್ತಿನಲ್ಲಿ ಅದು ಕಲಿಸಲಿಕ್ಕೆ ಆಗುವವರು ಇಬ್ಬರು. ಒಬ್ಬರು ನೀವು."

ಇನ್ನೊಬ್ಬ ಲಾಕಪ್ಪಿನಲ್ಲಿದ್ದ. ಅವನನ್ನು ಬಿಡಿಸಲು ಬಂದ ನಾನೇ ಅವನ ಕುತ್ತಿಗೆಗೆ ಇನ್ನೊಂದು ಸುತ್ತು ಹಗ್ಗ ಹಾಕಿದ್ದೆ.

"ನೂಲು ಬಿಚ್ಚಲು ಬಿಡಿ," ಎಂದೆ. "ಕಲಿಸುವವರು ಕಲಿಯುವ ಬೀಗದ ಒಳಗೆ ಒಂದಲ್ಲ ಒಂದು ಗುರುತು ಬಿಟ್ಟಿರ್ತಾರೆ. ಶೇಖರನ ಕೈ ನನಗೆ ಗೊತ್ತುಂಟು. ಅದು ಅವನದ್ದಲ್ಲ ಅಂತ ತೋರಿಸ್ತೇನೆ."

ಮೇಡಂ ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದು, ಬಿಚ್ಚಿ ಎಂದರು. ನಾನು ಜಗಲಿಯಲ್ಲಿ ಕೂತು ನೂಲಿನ ತುದಿ ಹುಡುಕಿದೆ. ಅವರು ವಿನೋದಕ್ಕನ ಕಡೆ ತಿರುಗಿ, ಹತ್ತು ತಿಂಗಳಲ್ಲಿ ಆ ಕೋಣೆಯೊಳಗೆ ಹೋದವರು ಯಾರು ಯಾರು ಎಂದು ಕೇಳಿದರು. ಯಾರೂ ಇಲ್ಲ ಎಂದರು ಆಕೆ. ಗಂಡಸರನ್ನಂತೂ ಜಗಲಿಯ ಮೆಟ್ಟಿಲು ಹತ್ತಿಸಿದ್ದಿಲ್ಲ. ಶೇಖರ ಬಂದದ್ದು ಬೀಗ ಹಾಕಿದ ದಿನ ಒಮ್ಮೆ ಮಾತ್ರ.

ನೂಲು ಸುತ್ತು ಸುತ್ತಾಗಿ ಬಿಚ್ಚಿಕೊಂಡಿತು. ಬೀಗದ ಹೊಟ್ಟೆ ಅಂಗೈಗೆ ಬಿತ್ತು. ತಿರುಗಿಸಿ ಅದರ ಬೆನ್ನು ನೋಡಿದೆ.

ನಾನು ಕಲಿಸುವುದು ಹೀಗೆ: ಬೀಗದ ಒಳಗಿನ ಐದು ಪುಟ್ಟ ಹಿತ್ತಾಳೆ ಕಡ್ಡಿಗಳನ್ನು ತೆಗೆದು, ಒಂದನ್ನು ಮಾತ್ರ ಹಾಕಿ ಕೊಡುತ್ತೇನೆ. ಅದು ಕೈಗೆ ಬಂದ ಮೇಲೆ ಎರಡನೆಯದು. ಹೀಗೆ ಐದರವರೆಗೆ. ಎಷ್ಟು ಹಾಕಿದೆ ಎಂದು ತಿಳಿಯಲು ಶೇಖರ ಬೆನ್ನಿನ ಮೇಲೆ ಮೊಳೆಯಿಂದ ಗೀರು ಹಾಕುತ್ತಿದ್ದ.

ಇಲ್ಲಿ ಗೀರು ಇರಲಿಲ್ಲ. ಐದು ಚುಕ್ಕೆಗಳಿದ್ದವು. ನೇರಳೆ ಬಣ್ಣದ ಐದು ಪುಟ್ಟ ಚುಕ್ಕೆಗಳು, ಸಾಲಾಗಿ.

ಅದು ಉಗುರಿಗೆ ಹಚ್ಚುವ ಬಣ್ಣ. ದುಬಾಯಿಯಿಂದ ಬಂದ ಸಂಬಂಧಿಕರು ಕೊಟ್ಟ ಸೀಸೆ. ಉಗುರಿಗೆ ಬಣ್ಣವಿದ್ದರೆ ನಮಾಜಿಗೆ ಮೊದಲು ಕೈ ತೊಳೆಯುವಾಗ ನೀರು ತಾಗುವುದಿಲ್ಲವೆಂದು ಅಮ್ಮ ಹಚ್ಚಲು ಬಿಡಲಿಲ್ಲ. ಹದಿನೇಳರ ರಾಫಿಯಾಳಿಗೆ ಅದನ್ನು ಎಸೆಯಲೂ ಮನಸ್ಸಿಲ್ಲ. ನನ್ನ ಬೀಗಗಳ ಬೆನ್ನಿಗೆ ಚುಕ್ಕೆ ಇಟ್ಟು ಇಟ್ಟು ಮುಗಿಸುತ್ತೇನೆ ಉಪ್ಪಾ ಎಂದಿದ್ದಳು. ಮದುವೆಯಾಗಿ ಹೋಗುವಾಗ ಆ ಸೀಸೆಯನ್ನೂ ಚೀಲಕ್ಕೆ ಹಾಕಿಕೊಂಡದ್ದನ್ನು ಕಂಡು ನಾನು ನಕ್ಕಿದ್ದೆ.

"ಬೀಡಿ ಕೊಳ್ಳುವ ಬ್ರಾಂಚಿನ ಹುಡುಗಿಯೊಬ್ಬಳು ಬರ್ತಿದ್ದಳು," ಎನ್ನುತ್ತಿದ್ದರು ವಿನೋದಕ್ಕ. "ಶನಿವಾರ ಶನಿವಾರ, ಬೀಡಿ ನೋಡಿ ತೆಗೊಂಡು ಹೋಗಲಿಕ್ಕೆ. ಸೊಸೆಯನ್ನು ಬ್ರಾಂಚಿಗೆ ಕಳಿಸ್ತಿರಲಿಲ್ಲ ನೋಡಿ. ಹೆಂಗಸು ಅಲ್ವಾ ಅಂತ ಒಳಗೆ ಬಿಡ್ತಿದ್ದೆ. ತಲೆಗೆ ವಸ್ತ್ರ ಹಾಕ್ತಾಳೆ, ನೀಲಿ ಸ್ಕೂಟರ್."

ಮದುವೆಗೆ ನಾನು ಕೊಡಿಸಿದ್ದ ಸ್ಕೂಟರ್ ನೀಲಿ. ಗಂಡನ ಮನೆಗೆ ಹೋದ ಮೇಲೆ ಬೀಡಿ ಬ್ರಾಂಚಿನಲ್ಲಿ ಕೆಲಸ ಸಿಕ್ಕಿತೆಂದು ಅವಳು ಸಂತೋಷಪಟ್ಟಿದ್ದಳು.

"ಮಂಗಳವಾರ ಅವಳು ಬಂದಿದ್ದಳಾ?" ಎಂದು ಕೇಳಿದರು ಮೇಡಂ.

ವಿನೋದಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಅದನ್ನು ಹೇಳಿದರೆ ಬೀಗದ ಸಂಗತಿ ಹೊರಗೆ ಬರ್ತದೆ ಅಂತ ಸುಮ್ಮನಿದ್ದೆ. ನಾನು ತೋಟದ ಕಡೆಯಿಂದ ಬರ್ತಾ ಇದ್ದೆ. ಕೋರೆಯ ದಾರಿಯಲ್ಲಿ ಇಬ್ಬರು ಹೋದದ್ದು ಕಂಡೆ, ಆ ಹುಡುಗಿ ಮತ್ತು ನನ್ನ ಸೊಸೆ. ಕೂಗಿದೆ, ಕೇಳಲಿಲ್ಲ. ವಾಪಸ್ ಬಂದದ್ದು ಆ ಹುಡುಗಿ ಒಬ್ಬಳೇ. ಬಟ್ಟೆ ಒದ್ದೆ. ಸ್ಕೂಟರ್ ಹತ್ತಿ ಹೋದಳು."

ಇದು ನಿಜವೋ, ತನ್ನ ತಪ್ಪು ಮುಚ್ಚಲು ಈಗ ಹೊಸೆದದ್ದೋ ನನಗೆ ತಿಳಿಯಲಿಲ್ಲ. ಮಂಗಳವಾರ ಸಂಜೆ ನಮ್ಮ ಮನೆಯ ಹಗ್ಗದಲ್ಲಿ ರಾಫಿಯಾಳ ಬಟ್ಟೆ ಒಣಗುತ್ತಿದ್ದದ್ದು ಮಾತ್ರ ನಿಜ. ಬಂದವಳೇ ಯಾಕೆ ಒಗೆದಳು ಎಂದು ನಾನು ಕೇಳಿರಲಿಲ್ಲ. ಕೇಳದಿರುವುದು ನನಗೆ ಅಷ್ಟು ಅಭ್ಯಾಸವಾಗಿಬಿಟ್ಟಿತ್ತು.

ಗಂಟೆ ಎರಡು ದಾಟಿತ್ತು. ಐದಕ್ಕೆ ಶೇಖರನಿಗೆ ಕೈಕೋಳ ಹಾಕಿ ಕೋರ್ಟಿನ ಮೆಟ್ಟಿಲು ಹತ್ತಿಸುತ್ತಾರೆ. ಅವನನ್ನು ಬಿಡಿಸುವ ಸಾಕ್ಷಿ ನನ್ನ ಮುಷ್ಟಿಯಲ್ಲಿತ್ತು. ಅದನ್ನು ಕೊಟ್ಟರೆ ಪೊಲೀಸ್ ಜೀಪು ನೇರ ನನ್ನ ಮನೆಗೆ ಹೋಗುತ್ತದೆ, ಜ್ವರದಲ್ಲಿ ಮಲಗಿದ ಮಗಳ ಹಾಸಿಗೆಯವರೆಗೆ.

"ಬೀಗ ಕೊಡಿ ಸಮದಾಕ." ಮೇಡಂ ಕೈ ಚಾಚಿದರು. "ಗುರುತು ಏನಾದರೂ ಉಂಟಾ ಅದರಲ್ಲಿ?"

ನಾನು ಮುಷ್ಟಿ ತೆರೆಯಲಿಲ್ಲ. ಹೆಬ್ಬೆರಳಿನ ಉಗುರು ಮೊದಲ ಚುಕ್ಕೆಯ ಅಂಚಿಗೆ ಹೋಗಿ ಕೂತಿತ್ತು. ಹಳೆಯ ಬಣ್ಣ, ಸ್ವಲ್ಪ ಒತ್ತಿದರೆ ಸಾಕು. ಚುಕ್ಕೆ ಹಿತ್ತಾಳೆಯಿಂದ ಏಳತೊಡಗಿತು.